ಕೆಳಗಿನ ಹಲ್ಲಿನ ಸೆಟ್ಟು ನಿಲ್ಲುವುದಿಲ್ಲವೇ? ಇಂಪ್ಲಾಂಟ್ ಇಲ್ಲದೆಯೂ ದಾರಿಯಿದೆ

ಹೊಸಕೆರೆಹಳ್ಳಿ ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬನಶಂಕರಿ ಮೂರನೇ ಹಂತಕ್ಕೆ ತಾಗಿಕೊಂಡಿರುವ ಊರು. ಹೆಸರಲ್ಲೇ ಕೆರೆಯೂ ಹಳ್ಳಿಯೂ ಇದ್ದರೂ ಈಗ ಅಲ್ಲಿ ಕಾಣುವುದು ಸಾಲು ಮನೆಗಳು ಮತ್ತು ಅಪಾರ್ಟ್‌ಮೆಂಟುಗಳು. ನಮ್ಮ ಕರಾವಳಿಯಿಂದ ಉದ್ಯೋಗಕ್ಕೆಂದು ಹೋದ ಕೆಲವು ಕುಟುಂಬಗಳು ಅಲ್ಲಿ ನೆಲೆಸಿವೆ. ಊರಿನಲ್ಲಿ ಒಂಟಿಯಾಗಿದ್ದ ವೃದ್ಧ ತಂದೆತಾಯಿಯನ್ನೂ ಕರೆಸಿಕೊಂಡಿವೆ. ಅಂತಹ ಒಂದು ಮನೆಗೆ ಮೊಂತಿ ಹಬ್ಬದ ಸಮಯದಲ್ಲಿ ಹೋಗಿದ್ದಾಗ ಮನೆಯ ಹಿರಿಯ ತಾಯಿ ಹೊಸ ಅಕ್ಕಿಯ ಊಟಕ್ಕೆ ಎಲ್ಲರ ಜೊತೆ ಕೂರಲಿಲ್ಲ. "ಅಮ್ಮ ಆಮೇಲೆ ಊಟ ಮಾಡ್ತಾರೆ ಫಾದರ್" ಎಂದರು ಸೊಸೆ. ಹೊರಡುವ ಹೊತ್ತಿಗೆ ಆ ತಾಯಿಯೇ ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿದರು: "ಮೇಲಿನ ಸೆಟ್ಟು ಚೆನ್ನಾಗಿ ಕೂತಿದೆ ಫಾದರ್. ಕೆಳಗಿನದು ಮಾತನಾಡಿದರೂ ಏಳ್ತದೆ, ಉಂಡರೂ ಏಳ್ತದೆ. ನಾಲ್ಕು ಜನರ ಎದುರು ಹೊರಗೆ ಬಿದ್ದರೆ ಮರ್ಯಾದೆ ಏನು?"

ಒಂದು ಚಿಕಿತ್ಸಾಲಯದಲ್ಲಿ ಎರಡೇ ಭೇಟಿಯಲ್ಲಿ ಸೆಟ್ಟು ಮಾಡಿ ಕೈಗೆ ಕೊಟ್ಟಿದ್ದರಂತೆ. ಹೇಗೆ ಬಳಸಬೇಕೆಂದು ಹೇಳಿದವರಿಲ್ಲ. ಆಮೇಲೆ ವಿಚಾರಿಸಿದಾಗ "ಇಂಪ್ಲಾಂಟ್ ಹಾಕಿಸಿಕೊಳ್ಳಿ, ಬೇರೆ ಉಪಾಯವಿಲ್ಲ" ಎಂಬ ಉತ್ತರ ಸಿಕ್ಕಿತು. ಅದರ ಖರ್ಚು ಕೇಳಿ ಅವರು ಸೆಟ್ಟನ್ನು ಡಬ್ಬಿಯಲ್ಲಿಟ್ಟು ಸುಮ್ಮನಾದರು. ಮೆತ್ತಗಿನ ಅನ್ನ ಮತ್ತು ಸಾರಿಗೆ ಊಟ ಮುಗಿಯಿತು. ನೆಂಟರ ಮನೆಗೆ ಹೋಗುವುದು ನಿಂತಿತು, ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವುದೂ ನಿಂತಿತು.

ಪ್ರಿಯ ಓದುಗರೇ, ಇದು ಒಬ್ಬರ ಕಥೆಯಲ್ಲ. ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇಂತಹ ಹಿರಿಯರಿದ್ದಾರೆ. ಕೆಳಗಿನ ಸೆಟ್ಟು ಏಕೆ ನಿಲ್ಲುವುದಿಲ್ಲ, ಇಂಪ್ಲಾಂಟ್ ಇಲ್ಲದೆ ಅದರೊಂದಿಗೆ ಬದುಕುವುದು ಹೇಗೆ, ಮನೆಯವರು ಮತ್ತು ಧರ್ಮಕೇಂದ್ರದ ಕಾರ್ಯಕರ್ತರು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೇಲಿನದು ನಿಲ್ಲುತ್ತದೆ, ಕೆಳಗಿನದು ಏಕಿಲ್ಲ?

ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ ನೋಡಿ. ಪಕ್ಕಕ್ಕೆ ಜಾರಿಸಬಹುದು, ಆದರೆ ನೇರವಾಗಿ ಎಳೆದು ಬಿಡಿಸುವುದು ಕಷ್ಟ. ಮೇಲಿನ ಸೆಟ್ಟು ನಿಲ್ಲುವುದು ಬಹುಮಟ್ಟಿಗೆ ಹೀಗೆ. ಅದು ಇಡೀ ಅಂಗುಳನ್ನು ಮುಚ್ಚುತ್ತದೆ. ಅಂಗುಳಿಗೂ ಸೆಟ್ಟಿಗೂ ನಡುವೆ ಎಂಜಲಿನ ತೆಳುವಾದ ಪದರ ಇರುತ್ತದೆ. ಸುತ್ತಲಿನ ಅಂಚು ಗಾಳಿ ಒಳಗೆ ನುಗ್ಗದಂತೆ ತಡೆಯುತ್ತದೆ.

ಕೆಳಗಿನ ಸೆಟ್ಟಿಗೆ ಈ ಭಾಗ್ಯವಿಲ್ಲ. ನಡುವೆ ನಾಲಗೆ ಇರುವುದರಿಂದ ಅದನ್ನು ಕುದುರೆ ಲಾಳದ ಆಕಾರದಲ್ಲೇ ಮಾಡಬೇಕು. ಸೆಟ್ಟು ಕೂರಲು ಮೇಲಿನ ದವಡೆಯಲ್ಲಿ ಸರಾಸರಿ 23 ಚದರ ಸೆಂಟಿಮೀಟರಿನಷ್ಟು ಜಾಗ ಇದ್ದರೆ, ಕೆಳಗೆ ಸುಮಾರು 12 ಚದರ ಸೆಂಟಿಮೀಟರ್ ಮಾತ್ರ. ಅಂದರೆ ಹೆಚ್ಚುಕಡಿಮೆ ಅರ್ಧ. ಅದರ ಮೇಲೆ ಒಳಗಿನಿಂದ ನಾಲಗೆ, ಹೊರಗಿನಿಂದ ಕೆನ್ನೆ ಮತ್ತು ತುಟಿ, ಅಡಿಯಿಂದ ಬಾಯಿಯ ತಳ ಸದಾ ಅಲುಗಾಡುತ್ತಿರುತ್ತವೆ.

ಇನ್ನೊಂದು ಕಾರಣ ಎಲುಬಿನ ಸವೆತ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಎಲುಬಿಗೆ ಕೆಲಸವಿಲ್ಲ. ಅದು ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಆಂತ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಧರಿಸುವವರ ದವಡೆಯನ್ನು 25 ವರ್ಷಗಳ ಅವಧಿಯಲ್ಲಿ ಅಳೆದ ಅಧ್ಯಯನವನ್ನು 1972ರಲ್ಲಿ ಪ್ರಕಟಿಸಿದರು. ಮೇಲಿನ ದವಡೆಗಿಂತ ಕೆಳಗಿನ ದವಡೆಯ ಮುಂಭಾಗ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ ಎಂಬುದು ಅದರಿಂದ ತಿಳಿಯಿತು. ಹತ್ತು ವರ್ಷದ ಹಿಂದೆ ಬಿಗಿಯಾಗಿ ಕೂತಿದ್ದ ಸೆಟ್ಟು ಇಂದು ಸಡಿಲವಾದರೆ ಅದಕ್ಕೆ ಮುಖ್ಯ ಕಾರಣ ಸೆಟ್ಟಿನ ಅಡಿಯಲ್ಲಿದ್ದ ನೆಲವೇ ಕುಸಿದಿರುವುದು.

ಆದ್ದರಿಂದ ಮೊದಲು ತಿಳಿದುಕೊಳ್ಳಬೇಕಾದ ಮಾತು ಇದು: ಮೇಲಿನ ಸೆಟ್ಟನ್ನು ಅಂಗುಳು ಹಿಡಿದುಕೊಳ್ಳುತ್ತದೆ, ಕೆಳಗಿನದನ್ನು ನಾವೇ ನಾಲಗೆ ಮತ್ತು ಕೆನ್ನೆಯಿಂದ ಹಿಡಿದುಕೊಳ್ಳಲು ಕಲಿಯಬೇಕು. ಸೈಕಲ್ ಹೊಡೆಯಲು ಕಲಿತಂತೆ ಇದೂ ಒಂದು ಕಲಿಕೆ. ಮೊದಲ ವಾರ ಬಿದ್ದವರೆಲ್ಲ ಸೋತವರಲ್ಲ.

ಇಂಪ್ಲಾಂಟ್ ಬಗ್ಗೆ ಎರಡು ಮಾತು

ಎಲುಬಿನಲ್ಲಿ ಟೈಟಾನಿಯಂ ತಿರುಪುಗಳನ್ನು ಕೂರಿಸಿ ಅದಕ್ಕೆ ಸೆಟ್ಟನ್ನು ಸಿಕ್ಕಿಸುವುದು ಒಳ್ಳೆಯ ಚಿಕಿತ್ಸೆಯೇ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಆಧಾರವಿರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದು ಅಭಿಪ್ರಾಯಪಟ್ಟಿದ್ದರು. ಅನುಕೂಲವಿದ್ದವರು ವೈದ್ಯರೊಡನೆ ಮಾತನಾಡಿ ಮಾಡಿಸಿಕೊಳ್ಳಲಿ.

ಆದರೆ ಎಲ್ಲರಿಗೂ ಅದು ಸಾಧ್ಯವಿಲ್ಲ. ಸಾಮಾನ್ಯ ಸೆಟ್ಟಿಗಿಂತ ಖರ್ಚು ಹಲವು ಪಟ್ಟು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ದವಡೆಗೆ ಕೊಡಿಸಿದ ವಿಕಿರಣ ಚಿಕಿತ್ಸೆ, ಎಲುಬಿನ ಸವೆತಕ್ಕಾಗಿ ತೆಗೆದುಕೊಳ್ಳುವ ಕೆಲವು ಔಷಧಿಗಳು, ವಿಪರೀತ ಧೂಮಪಾನ, ತೀರಾ ತೆಳುವಾದ ಎಲುಬು, ಇವೆಲ್ಲ ಅಡ್ಡಿಯಾಗಬಹುದು. ಕೆಲವು ಹಿರಿಯರಿಗೆ ಶಸ್ತ್ರಚಿಕಿತ್ಸೆ ಎಂದರೇ ಬೇಡ. ಹೀಗೆ ಬೇಡವೆಂದವರು, ಆಗದವರು, ಹಣವಿಲ್ಲದವರು ತಮ್ಮ ಬಾಯಿಯ ಕಥೆ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಚೆನ್ನಾಗಿ ಮಾಡಿದ ಸೆಟ್ಟು, ಕಲಿತ ಅಭ್ಯಾಸ, ಕಾಲಕಾಲಕ್ಕೆ ರಿಪೇರಿ, ಈ ಮೂರು ಸೇರಿದರೆ ಬಹಳಷ್ಟು ಮಂದಿ ನೆಮ್ಮದಿಯಿಂದ ಉಣ್ಣಬಲ್ಲರು, ಮಾತನಾಡಬಲ್ಲರು.

ಸೆಟ್ಟು ಸರಿಯಾಗಿ ಮಾಡಿಸುವುದೇ ಅರ್ಧ ಕೆಲಸ

ಪೂರ್ತಿ ಸೆಟ್ಟನ್ನು ಕ್ರಮಬದ್ಧವಾಗಿ ಮಾಡಲು ಸಾಮಾನ್ಯವಾಗಿ ಐದಾರು ಭೇಟಿ ಬೇಕು. ಮೊದಲು ಒಂದು ಅಚ್ಚು. ಆ ಅಚ್ಚಿನಿಂದ ನಿಮ್ಮ ದವಡೆಗೇ ತಕ್ಕ ತಟ್ಟೆ ಮಾಡಿ, ಕೆನ್ನೆ ನಾಲಗೆ ಆಡಿಸಿ ಅಂಚು ಎಲ್ಲಿಯವರೆಗೆ ಬರಬೇಕೆಂದು ನೋಡಿಕೊಂಡು ಎರಡನೆಯ ಅಚ್ಚು. ಆಮೇಲೆ ಎರಡು ದವಡೆ ಸೇರುವ ಅಳತೆ. ಬಳಿಕ ಮೇಣದಲ್ಲಿ ಜೋಡಿಸಿದ ಹಲ್ಲುಗಳನ್ನು ಬಾಯಿಯಲ್ಲಿಟ್ಟು ನೋಡುವುದು. ಕೊನೆಗೆ ಸೆಟ್ಟು ಕೊಡುವುದು ಮತ್ತು ನಂತರದ ತಪಾಸಣೆ. ಮೇಣದ ಸೆಟ್ಟನ್ನು ಹಾಕಿ ನೋಡುವ ದಿನ ಮನೆಯವರೊಬ್ಬರು ಜೊತೆಗಿರಲಿ. ಮಾತನಾಡಿ ನೋಡಿ, ಕನ್ನಡಿ ನೋಡಿ, ಇಷ್ಟವಾಗದಿದ್ದರೆ ಅಂದೇ ಹೇಳಿ.

ಕೆಳದವಡೆಯ ದಿಂಡು ತೀರಾ ಸವೆದವರಿಗೆ ಒಂದು ವಿಶೇಷ ವಿಧಾನವಿದೆ. ನಾಲಗೆ ಹೊರಕ್ಕೆ ದೂಡುವ ಬಲ ಮತ್ತು ಕೆನ್ನೆ ಒಳಕ್ಕೆ ದೂಡುವ ಬಲ ಸಮವಾಗುವ ಜಾಗವನ್ನು ಗುರುತಿಸಿ ಹಲ್ಲುಗಳನ್ನು ಅಲ್ಲೇ ಜೋಡಿಸುತ್ತಾರೆ. ಇದಕ್ಕೆ ನ್ಯೂಟ್ರಲ್ ಝೋನ್ ವಿಧಾನ ಎನ್ನುತ್ತಾರೆ. ಒಸಡು ತೆಳುವಾಗಿ ನೋಯುವವರಿಗೆ ಸೆಟ್ಟಿನ ಅಡಿಗೆ ಮೆತ್ತನೆಯ ಪದರ ಹಾಕುವುದೂ ಉಂಟು. ಇವನ್ನು ವೈದ್ಯರಲ್ಲಿ ಕೇಳಲು ಸಂಕೋಚ ಬೇಡ.

ಇನ್ನೂ ಒಂದೆರಡು ಹಲ್ಲು ಉಳಿದಿರುವವರು ವಿಶೇಷವಾಗಿ ಗಮನಿಸಬೇಕು. "ಎಲ್ಲ ಕೀಳಿಸಿ ಪೂರ್ತಿ ಸೆಟ್ಟು ಹಾಕಿಸಿಬಿಡೋಣ" ಎಂದು ಅವಸರ ಮಾಡಬೇಡಿ. ಕೆಳಗಿನ ಎರಡು ಕೋರೆ ಹಲ್ಲುಗಳ ಬೇರು ಗಟ್ಟಿಯಿದ್ದರೆ, ಬೇರಿನ ಚಿಕಿತ್ಸೆ ಮಾಡಿ, ತಲೆ ತಗ್ಗಿಸಿ, ಅದರ ಮೇಲೆಯೇ ಸೆಟ್ಟು ಕೂರಿಸಬಹುದು. 1978ರಲ್ಲಿ ಪ್ರಕಟವಾದ ಕ್ರಮ್ ಮತ್ತು ರೂನಿ ಅವರ ಐದು ವರ್ಷಗಳ ಅಧ್ಯಯನದಲ್ಲಿ, ಹೀಗೆ ಬೇರು ಉಳಿಸಿಕೊಂಡವರ ಕೆಳದವಡೆಯ ಮುಂಭಾಗದ ಎಲುಬು ಸರಾಸರಿ 0.6 ಮಿಲಿಮೀಟರ್ ಸವೆದಿದ್ದರೆ, ಎಲ್ಲ ಹಲ್ಲು ಕೀಳಿಸಿದವರಲ್ಲಿ 5.2 ಮಿಲಿಮೀಟರ್ ಸವೆದಿತ್ತು. ಇಂಪ್ಲಾಂಟ್ ಇಲ್ಲದೆ ಸೆಟ್ಟಿಗೆ ಆಧಾರ ಸಿಗುವ ದಾರಿ ಇದು. ಆದರೆ ಆ ಬೇರುಗಳನ್ನು ಹುಳುಕಾಗದಂತೆ ದಿನವೂ ಶುಚಿಯಾಗಿಡಬೇಕು.

ಎಲ್ಲಿ ಮಾಡಿಸುವುದು?

ದಂತ ವೈದ್ಯಕೀಯ ಕಾಲೇಜುಗಳಲ್ಲಿ ಸೆಟ್ಟಿಗಾಗಿಯೇ ಪ್ರಾಸ್ಥೊಡಾಂಟಿಕ್ಸ್ ಎಂಬ ವಿಭಾಗವಿರುತ್ತದೆ. ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಖರ್ಚು ಕಡಿಮೆ ಮತ್ತು ಒಂದು ಹಂತವೂ ತಪ್ಪುವುದಿಲ್ಲ. ಹೊಸಕೆರೆಹಳ್ಳಿ ಕಡೆಯವರಿಗೆ ಜೆ.ಪಿ. ನಗರದ ಆರ್.ವಿ. ದಂತ ಕಾಲೇಜು, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ದಂತ ಕಾಲೇಜು ದೂರವಲ್ಲ. ಕೋಟೆ ಪ್ರದೇಶದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ 1958ರಲ್ಲಿ ಆರಂಭವಾದ ಸರಕಾರಿ ದಂತ ಕಾಲೇಜು ಇದೆ. ಕರಾವಳಿಯಲ್ಲಿರುವವರಿಗೆ ಮಣಿಪಾಲ, ಮಂಗಳೂರು ಮತ್ತು ದೇರಳಕಟ್ಟೆಯಲ್ಲಿ ದಂತ ಕಾಲೇಜುಗಳಿವೆ.

ಬಡ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ "ದಂತ ಭಾಗ್ಯ" ಯೋಜನೆಯನ್ನು ಕರ್ನಾಟಕ ಸರಕಾರ 2014ರಲ್ಲಿ ಪ್ರಕಟಿಸಿತ್ತು. ಕಾಲೇಜಿಗೆ ಹೋಗುವಾಗ ರೇಷನ್ ಕಾರ್ಡು ಮತ್ತು ಆಧಾರ್ ಕಾರ್ಡು ಜೊತೆಗಿರಲಿ. ಸರಕಾರದ ಯಾವ ಸೌಲಭ್ಯ ಸಿಗುತ್ತದೆಂದು ನೋಂದಣಿ ಕೌಂಟರಿನಲ್ಲೇ ಕೇಳಿ ತಿಳಿದುಕೊಳ್ಳಿ.

ಕಲಿಯುವ ಕ್ರಮ

ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಬಾಯಿ ತುಂಬಿದಂತೆ ಅನ್ನಿಸುವುದು, ಎಂಜಲು ಹೆಚ್ಚು ಬರುವುದು ಸಹಜ. ಇವು ತಾವಾಗಿ ಕಡಿಮೆಯಾಗುತ್ತವೆ.

ನಾಲಗೆ: ಇದೇ ಮುಖ್ಯ ಪಾಠ. ನಾಲಗೆಯ ತುದಿ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಮೆಲ್ಲನೆ ತಾಗಿರಲಿ, ಅಂಚುಗಳು ಸೆಟ್ಟಿನ ಮೇಲೆ ಒರಗಿರಲಿ. ಕೆಲವರು ಬಾಯಿ ತೆರೆದ ಕೂಡಲೇ ನಾಲಗೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಗ ಸೆಟ್ಟಿಗೆ ಮುಂದಿನ ಆಧಾರ ತಪ್ಪಿ ಅದು ಏಳುತ್ತದೆ. ಕನ್ನಡಿಯ ಮುಂದೆ ದಿನಕ್ಕೆ ಕೆಲವು ಬಾರಿ, ನಾಲಗೆ ಮುಂದೆಯೇ ಇರುವಂತೆ ಬಾಯಿಯನ್ನು ಸ್ವಲ್ಪ ಸ್ವಲ್ಪ ತೆರೆದು ಮುಚ್ಚಿ ಅಭ್ಯಾಸ ಮಾಡಿ.

ಮಾತು: ದಿನಕ್ಕೆ ಹತ್ತು ನಿಮಿಷ ದಿನಪತ್ರಿಕೆಯನ್ನೋ ಬೈಬಲನ್ನೋ ಗಟ್ಟಿಯಾಗಿ, ನಿಧಾನವಾಗಿ ಓದಿ. ಸ, ಶ, ಫ ಅಕ್ಷರಗಳು ಮೊದಲು ತೊದಲುತ್ತವೆ. ಅಂತಹ ಪದಗಳನ್ನೇ ಆರಿಸಿ ಮತ್ತೆ ಮತ್ತೆ ಹೇಳಿ. ಮಾತು ಆರಂಭಿಸುವ ಮುನ್ನ ಒಮ್ಮೆ ಹಲ್ಲು ಕಚ್ಚಿ ಎಂಜಲು ನುಂಗಿದರೆ ಸೆಟ್ಟು ತನ್ನ ಜಾಗಕ್ಕೆ ಬರುತ್ತದೆ.

ಅಗಿಯುವುದು: ಮುಂದಿನ ಹಲ್ಲಿನಿಂದ ಕಚ್ಚಿ ಹರಿಯಬೇಡಿ. ಮುಂದೆ ಕಚ್ಚಿದರೆ ಹಿಂದೆ ಏಳುತ್ತದೆ. ಚಿಕ್ಕ ತುತ್ತು ತೆಗೆದುಕೊಂಡು ಅರ್ಧ ಬಲಕ್ಕೆ, ಅರ್ಧ ಎಡಕ್ಕೆ ಹಾಕಿ ಎರಡೂ ಬದಿಯಲ್ಲಿ ಒಟ್ಟಿಗೆ ಅಗಿಯಿರಿ. ಸ್ವಂತ ಹಲ್ಲಿನ ಬಲಕ್ಕೆ ಹೋಲಿಸಿದರೆ ಸೆಟ್ಟಿನಿಂದ ಸಿಗುವ ಬಲ ಸುಮಾರು ನಾಲ್ಕನೇ ಅಥವಾ ಐದನೇ ಒಂದು ಪಾಲು. ಆದ್ದರಿಂದ ಊಟಕ್ಕೆ ಮೊದಲಿಗಿಂತ ಹೆಚ್ಚು ಸಮಯ ಬೇಕೇ ಬೇಕು.

ಏನು ಉಣ್ಣುವುದು?

ಮೊದಲ ವಾರ ಕುಚ್ಚಲಕ್ಕಿ ಗಂಜಿ, ಇಡ್ಲಿ, ನೀರುದೋಸೆ, ಬೇಯಿಸಿ ಮಸೆದ ಬೇಳೆ, ಮೊಟ್ಟೆ, ಬಾಳೆಹಣ್ಣು ಸಾಕು. ಬೆಂಗಳೂರು ಕಡೆಯ ರಾಗಿ ಮುದ್ದೆಯನ್ನು ಅಗಿಯುವ ಪದ್ಧತಿಯೇ ಇಲ್ಲ. ಚಿಕ್ಕ ತುತ್ತು ಮಾಡಿ ಸಾರಿನಲ್ಲಿ ಅದ್ದಿ ನುಂಗುತ್ತಾರೆ. ನುಂಗಲು ತೊಂದರೆ ಇಲ್ಲದ ಹಿರಿಯರಿಗೆ ಅದು ಒಳ್ಳೆಯ ಆಹಾರ. ಎರಡನೆಯ ವಾರದಿಂದ ಚಿಕ್ಕದಾಗಿ ಹೆಚ್ಚಿದ ತರಕಾರಿ ಪಲ್ಯ, ಸಾರಿನಲ್ಲಿ ನೆನೆಸಿದ ಚಪಾತಿ, ಚೆನ್ನಾಗಿ ಬೆಂದ ಮಾಂಸದ ಚಿಕ್ಕ ಚೂರುಗಳನ್ನು ಪ್ರಯತ್ನಿಸಬಹುದು. ಪೇರಳೆಯ ಬೀಜ ಸೆಟ್ಟಿನ ಅಡಿಗೆ ಸೇರಿ ಚುಚ್ಚುತ್ತದೆ. ಚಕ್ಕುಲಿ, ಹುರಿಗಡಲೆ, ಕಬ್ಬು ದೂರವಿರಲಿ.

ಮೀನಿನ ವಿಷಯದಲ್ಲಿ ಎಚ್ಚರ ಬೇಕು. ಮೇಲಿನ ಸೆಟ್ಟು ಅಂಗುಳನ್ನು ಮುಚ್ಚುವುದರಿಂದ ಮುಳ್ಳು ಬಾಯಿಯಲ್ಲಿರುವುದು ತಿಳಿಯುವುದೇ ಇಲ್ಲ, ನೇರವಾಗಿ ಗಂಟಲಿಗೆ ಹೋಗಬಹುದು. ಬೂತಾಯಿ, ಬಂಗುಡೆಯನ್ನು ಬೆಳಕಿನಲ್ಲಿ, ಕೈಯಿಂದ ಮುಳ್ಳು ಬಿಡಿಸಿ ಕೊಡಿ. ಬಿಸಿ ಚಹಾ, ಕಾಫಿಯೂ ಅಷ್ಟೇ. ಅಂಗುಳಿಗೆ ಬಿಸಿ ಗೊತ್ತಾಗದೆ ಗಂಟಲು ಸುಡಬಹುದು.

ಬರೀ ಗಂಜಿಯಲ್ಲೇ ವರ್ಷಗಟ್ಟಲೆ ಕಳೆಯಬಾರದು. ಬೇಳೆ, ಮೊಟ್ಟೆ, ಮೀನು, ಹಾಲು, ಸೊಪ್ಪು ದಿನವೂ ಯಾವುದಾದರೊಂದು ರೂಪದಲ್ಲಿ ಸೇರಬೇಕು. ಬಟ್ಟೆ ಸಡಿಲವಾಗುವಷ್ಟು ತೂಕ ಇಳಿದರೆ ವೈದ್ಯರಿಗೆ ತೋರಿಸಿ.

ನೋವು, ಅಂಟು ಮತ್ತು ಶುಚಿತ್ವ

ಹೊಸ ಸೆಟ್ಟು ಅಲ್ಲಲ್ಲಿ ಒತ್ತಿ ಹುಣ್ಣಾಗುವುದು ಸಾಮಾನ್ಯ. ಸೆಟ್ಟು ತೆಗೆದು ಉಗುರು ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ. ವೈದ್ಯರಲ್ಲಿಗೆ ಹೋಗುವ ಮುನ್ನ ಕೆಲವು ಗಂಟೆ ಅದನ್ನು ಧರಿಸಿ ಹೋಗಿ. ಆಗ ಒತ್ತಿದ ಜಾಗ ಕೆಂಪಾಗಿ ಕಾಣುತ್ತದೆ, ಅಲ್ಲಿ ಮಾತ್ರ ತೆಳುವಾಗಿ ಉಜ್ಜುತ್ತಾರೆ. ಬ್ಲೇಡು, ಅರ, ಮರಳು ಕಾಗದದಿಂದ ಮನೆಯಲ್ಲೇ ಉಜ್ಜಬೇಡಿ. ಮುರಿದರೆ ಅಂಗಡಿಯ ಅಂಟಿನಿಂದ ಜೋಡಿಸಬೇಡಿ.

ಸೆಟ್ಟಿಗೆಂದೇ ಔಷಧಿ ಅಂಗಡಿಯಲ್ಲಿ ಸಿಗುವ ಅಂಟುಪುಡಿ ಅಥವಾ ಕ್ರೀಮನ್ನು ಮಿತವಾಗಿ ಬಳಸಬಹುದು. ತೊಳೆದು ಒರೆಸಿದ ಸೆಟ್ಟಿನ ಒಳಬದಿಗೆ ಮೂರು ನಾಲ್ಕು ಚಿಕ್ಕ ಬೊಟ್ಟು ಸಾಕು. ಸತು ಬೆರೆತ ಕ್ರೀಮನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಲ್ಲಿ ದೇಹದ ತಾಮ್ರದ ಅಂಶ ಕುಗ್ಗಿ ನರಗಳಿಗೆ ತೊಂದರೆಯಾದದ್ದು ಕಂಡುಬಂದು, 2010ರಲ್ಲಿ ಒಂದು ದೊಡ್ಡ ಕಂಪೆನಿ ಸತು ಇರುವ ಕ್ರೀಮುಗಳ ತಯಾರಿಕೆಯನ್ನು ನಿಲ್ಲಿಸಿತು. ಡಬ್ಬಿಯ ಮೇಲೆ ಸತು ಇಲ್ಲವೆಂದು ಬರೆದಿರುವುದನ್ನು ನೋಡಿ ಕೊಳ್ಳಿ. ದಿನದಿನಕ್ಕೆ ಹೆಚ್ಚು ಅಂಟು ಬೇಕಾಗುತ್ತಿದ್ದರೆ ಸೆಟ್ಟಿನ ಅಡಿಯನ್ನು ಹೊಸದಾಗಿ ತುಂಬಿಸುವ ಕಾಲ ಬಂದಿದೆ ಎಂದರ್ಥ. ಇದಕ್ಕೆ ರಿಲೈನ್ ಎನ್ನುತ್ತಾರೆ. ಹೊಸ ಸೆಟ್ಟಿಗಿಂತ ಖರ್ಚು ಕಡಿಮೆ.

ಪ್ರತಿ ಊಟದ ನಂತರ ಸೆಟ್ಟನ್ನು ತೊಳೆಯಿರಿ. ಮೆತ್ತನೆಯ ಬ್ರಷ್ ಮತ್ತು ಸಾಬೂನು ಸಾಕು. ಟೂತ್‌ಪೇಸ್ಟು ಗೀರು ಬೀಳಿಸುತ್ತದೆ. ಬಿಸಿನೀರಿನಲ್ಲಿ ಹಾಕಿದರೆ ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಪಾತ್ರೆ ಇರಲಿ, ಕೈಜಾರಿದರೂ ಒಡೆಯುವುದಿಲ್ಲ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಹಗಲಿಡೀ ಒತ್ತಡ ಹೊತ್ತ ಒಸಡಿಗೆ ವಿಶ್ರಾಂತಿ ಬೇಕು. ರಾತ್ರಿಯೂ ಧರಿಸಿ ಮಲಗುವವರಲ್ಲಿ ಶಿಲೀಂಧ್ರ ಬೆಳೆದು ಅಂಗುಳು ಕೆಂಪಾಗುವುದು, ಬಾಯಿಯ ಮೂಲೆ ಸೀಳುವುದು ಹೆಚ್ಚು. ರಕ್ತದೊತ್ತಡ ಮತ್ತು ಮನೋವ್ಯಾಧಿಯ ಕೆಲವು ಮಾತ್ರೆಗಳಿಂದ ಬಾಯಿ ಒಣಗಿ ಸೆಟ್ಟು ನಿಲ್ಲದೇ ಹೋಗಬಹುದು. ಹಾಗಿದ್ದರೆ ಆಗಾಗ ಗುಟುಕು ನೀರು ಕುಡಿಯಿರಿ, ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಹಲ್ಲಿಲ್ಲದವರೂ ವರ್ಷಕ್ಕೊಮ್ಮೆ ದಂತವೈದ್ಯರಿಗೆ ಬಾಯಿ ತೋರಿಸಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಕೆಳತುಟಿ ಜೋಮು ಹಿಡಿಯುವುದು, ಇವನ್ನು ಸೆಟ್ಟಿನ ನೋವೆಂದು ಕಡೆಗಣಿಸಬಾರದು. ಎಲೆಯಡಿಕೆ, ತಂಬಾಕು ಅಭ್ಯಾಸ ಇರುವವರಂತೂ ಒಂದು ದಿನವೂ ತಡಮಾಡಬಾರದು.

ಮನೆಯವರಿಗೆ ಮತ್ತು ಕಾರ್ಯಕರ್ತರಿಗೆ

ಹಿರಿಯರು ನಿಧಾನವಾಗಿ ಉಣ್ಣುವಾಗ ಅವರ ಜೊತೆ ಕುಳಿತಿರಿ. ಸೆಟ್ಟು ಜಾರಿದಾಗ ಮಕ್ಕಳು ನಗದಂತೆ ನೋಡಿಕೊಳ್ಳಿ. ಧರ್ಮಕೇಂದ್ರದಲ್ಲಿ ಹಿರಿಯರ ದಿನ ಆಚರಿಸುವಾಗ ಹುರಿದ ಕೋಳಿಯ ಜೊತೆಗೆ ಮೆತ್ತಗಿನ ಒಂದೆರಡು ಪದಾರ್ಥಗಳೂ ಇರಲಿ. ಬಾಯಿ ಒಣಗಿದ ರೋಗಿಗಳಿಗೆ ಪರಮಪ್ರಸಾದ ಅಂಗುಳಿಗೆ ಅಂಟಿಕೊಳ್ಳಬಹುದು. ಮನೆಭೇಟಿಯ ಸಮಯದಲ್ಲಿ ಒಂದು ಲೋಟ ನೀರು ಹತ್ತಿರವಿರಲಿ.

ಪಾರ್ಶ್ವವಾಯು ಬಡಿದವರಿಗೆ ನಾಲಗೆ, ಕೆನ್ನೆಯ ಹಿಡಿತ ತಪ್ಪಿರುತ್ತದೆ. ಸೆಟ್ಟು ಗಂಟಲಿಗೆ ಜಾರುವ ಅಪಾಯವಿದೆ. ವೈದ್ಯರನ್ನು ಕೇಳದೆ ಅವರಿಗೆ ಹಾಕಬೇಡಿ. ಆಸ್ಪತ್ರೆಗೆ ಸೇರಿಸುವಾಗ ಸೆಟ್ಟನ್ನು ಹೆಸರು ಬರೆದ ಮುಚ್ಚಳದ ಡಬ್ಬಿಯಲ್ಲಿಡಿ. ಕಾಗದದಲ್ಲಿ ಸುತ್ತಿಟ್ಟ ಸೆಟ್ಟು ಕಸದ ಬುಟ್ಟಿ ಸೇರುವುದು ಅಪರೂಪವಲ್ಲ.

ಹೊಸಕೆರೆಹಳ್ಳಿಯ ಆ ತಾಯಿಯನ್ನು ಮಗ ದಂತ ಕಾಲೇಜಿಗೆ ಕರೆದೊಯ್ದರು. ಹಳೆಯ ಸೆಟ್ಟಿನ ಅಂಚು ಗಿಡ್ಡವಾಗಿತ್ತು ಎಂದು ಅಲ್ಲಿ ತಿಳಿಯಿತು. ಐದಾರು ಭೇಟಿಗಳ ನಂತರ ಕೆಳಗಿನದು ಹೊಸದಾಗಿ ಬಂತು, ನಾಲಗೆಯ ಪಾಠವೂ ಆಯಿತು. ಒಂದು ತಿಂಗಳು ಬೇಸರಪಟ್ಟರಂತೆ. ಇತ್ತೀಚೆಗೆ ಫೋನಿನಲ್ಲಿ ಮಾತನಾಡಿದಾಗ ಸ್ವರ ಸ್ಪಷ್ಟವಾಗಿತ್ತು. "ಚಕ್ಕುಲಿ ಆಗುವುದಿಲ್ಲ ಫಾದರ್, ಆದರೆ ಈಗ ಎಲ್ಲರ ಜೊತೆ ಕೂತು ಉಣ್ತೇನೆ" ಎಂದರು.

ನಿಮ್ಮ ಮನೆಯಲ್ಲೂ ಡಬ್ಬಿಯಲ್ಲಿ ಕುಳಿತ ಸೆಟ್ಟು ಇದ್ದರೆ ಇಂದೇ ಹೊರಗೆ ತೆಗೆಯಿರಿ, ಅದನ್ನು ಹಿಡಿದುಕೊಂಡೇ ದಂತವೈದ್ಯರಲ್ಲಿಗೆ ಹೋಗಿ. ಅದರ ಒಡೆಯರು ಮತ್ತೆ ಊಟದ ಮೇಜಿಗೆ ಬರಲಿ.